ಕೆನ್ನೆ ಕೊಟ್ಟು ವೈರು ನೋಡುತ್ತಿದ್ದ ಭಾಯಿ

ಕೊಪ್ಪದ ಬಸ್ ನಿಲ್ದಾಣದಿಂದ ಕೆಳಗಿಳಿಯುವ ರಸ್ತೆಯಲ್ಲಿ ‘ಎಲ್ಲಾ ತರಹದ ರಿಪೇರಿ’ ಎಂದು ಮಾತ್ರ ಬರೆದ ಬೋರ್ಡೊಂದಿತ್ತು. ಅಂಗಡಿಯ ಹೆಸರು ಇರಬೇಕಾದ ಜಾಗ ಖಾಲಿ. ಬೋರ್ಡು ಬರೆಯಲು ಬಂದ ಪೇಂಟರನ ಟೇಪ್ ರೆಕಾರ್ಡರ್ ಕೆಟ್ಟಿತ್ತಂತೆ. ಅಂಗಡಿಯವರು ಅದನ್ನು ಅರ್ಧ ಗಂಟೆಯಲ್ಲಿ ಸರಿ ಮಾಡಿ ಕೊಟ್ಟರಂತೆ. ಅವನು ಹಾಡು ಕೇಳುತ್ತಾ ಖುಷಿಯಲ್ಲಿ ಮನೆಗೆ ಹೋದವನು ಹೆಸರು ಬರೆಯಲು ತಿರುಗಿ ಬರಲೇ ಇಲ್ಲವಂತೆ. ಇದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಹೇಳಿದವರು ಅಂಗಡಿಯವರೇ. ಅವರು ಹೇಳುವಾಗ ಆ ಟೇಪ್ ರೆಕಾರ್ಡರ್ ಒಮ್ಮೊಮ್ಮೆ ರೇಡಿಯೋ ಆಗುತ್ತಿತ್ತು, ಇನ್ನೊಮ್ಮೆ ಪೇಂಟರನ ಹೆಂಡತಿಯ ಹೊಲಿಗೆ ಮಷಿನ್ ಆಗುತ್ತಿತ್ತು.

ಬೋರ್ಡಿನಲ್ಲೇ ಇಲ್ಲದ ಹೆಸರನ್ನು ನಾನೇಕೆ ಬರೆಯಲಿ? ಊರಿಗೆಲ್ಲ ಅವರು ರಿಪೇರಿ ಭಾಯಿ. ಹೋದ ತಿಂಗಳು ತೀರಿಕೊಂಡರು. ಎಪ್ಪತ್ತು ದಾಟಿತ್ತು. ಅವರ ಮನೆಗೆ ಮಾತನಾಡಿಸಲು ಹೋದ ನಾವೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಅಷ್ಟರಲ್ಲಿ ಮುತ್ತಿನಕೊಪ್ಪದಿಂದ ಬಂದವರೊಬ್ಬರು ತಮ್ಮ ಪಂಪ್‌ಸೆಟ್ಟಿನೊಳಗೆ ಭಾಯಿ ಜೀವಂತ ಏಡಿ ಹಿಡಿದದ್ದನ್ನು ಹೇಳತೊಡಗಿದರು. ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಕೆಮ್ಮಿದಂತೆ ಮಾಡಿದರು, ಕೊನೆಗೆ ಇಡೀ ಪಡಸಾಲೆ ನಕ್ಕಿತು. ಅವರ ಮಗಳು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ನನಗಂತೂ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು. ಅಂಥ ಮನುಷ್ಯನ ಬಗ್ಗೆ ಮುಖ ಸಪ್ಪಗೆ ಮಾಡಿಕೊಂಡು ಬರೆಯಲು ನನ್ನಿಂದಾಗದು.

ಭಾಯಿಗೂ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ನೆನಪಿರುತ್ತಿದ್ದದ್ದು ಯಂತ್ರ. ಅವರ ಫೋನಿನಲ್ಲಿ ‘ಮೂರು ಜಾರು ಜಯಪುರ’, ‘ನಡುಗೋ ಫ್ಯಾನು’, ‘ಬಾಗಿಲಿಲ್ಲದ ವಾಷಿಂಗ್ ಮಷಿನ್ ನೆಮ್ಮಾರ್’ ಎಂಬಂಥ ಜನರೇ ತುಂಬಿದ್ದರು. ಒಂದು ಮದುವೆ ಮನೆಯಲ್ಲಿ ನನ್ನನ್ನು ಎಳೆದುಕೊಂಡು ಹೋಗಿ, ರೇಷ್ಮೆ ಶಲ್ಯ ಹೊದ್ದ ಹಿರಿಯರೊಬ್ಬರನ್ನು “ಇವ್ರು ಸುಟ್ಟ ಗೀಸರ್” ಎಂದು ಪರಿಚಯಿಸಿದರು. ಆ ಹಿರಿಯರು ಗಂಭೀರವಾಗಿ ನನಗೆ ಕೈ ಮುಗಿದರು. ಭಾಯಿಯ ಅಂಗಡಿಯ ಎದುರೇ, ನಮ್ಮ ಮನೆಗೆ ಅಂಟಿಕೊಂಡಂತೆ ನನ್ನ ಫೋಟೋ ಸ್ಟುಡಿಯೋ ಇದ್ದದ್ದರಿಂದ ನಾನು ಬರೀ ‘ಸ್ಟುಡಿಯೋ’.

ಅಂಗಡಿಯಲ್ಲಿ ಒಂದು ಮೂರು ಕಾಲಿನ ಸ್ಟೂಲಿತ್ತು. ಯಂತ್ರ ತಂದವರು ಮೊದಲು ಅದರ ಮೇಲೆ ಕೂರಬೇಕು. ಭಾಯಿ ಯಂತ್ರವನ್ನು ಮುಟ್ಟುವ ಮೊದಲು ತಂದವರನ್ನು ಕೇಳುತ್ತಿದ್ದರು: “ಎಂತ ಮಾಡ್ದೆ?” ಎಲ್ಲರದೂ ಒಂದೇ ಉತ್ತರ: “ಏನೂ ಮಾಡ್ಲಿಲ್ಲ ಭಾಯಿ, ಅದಷ್ಟಕ್ಕೇ ನಿಂತೋಯ್ತು.” ಆಮೇಲೆ ಭಾಯಿ ಸುಮ್ಮನೆ ಕೂರುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಸ್ಟೂಲು ವಾಲುತ್ತಿತ್ತು. ಜಯಪುರದ ಮೂರು ಜಾರಿನ ಅಮ್ಮ ಕಾಲು ಗಂಟೆ ತಡೆದುಕೊಂಡು, ಕೊನೆಗೆ ಹಲ್ಲಿಲ್ಲದ ಗಂಡನಿಗೆಂದು ಒಣ ಅಡಿಕೆಯನ್ನು ಮಿಕ್ಸಿಗೆ ಹಾಕಿ ಪುಡಿ ಮಾಡುತ್ತಿದ್ದದ್ದನ್ನು ಬಾಯಿ ಬಿಟ್ಟರು. “ಅಷ್ಟು ಹೇಳಿದ್ರೆ ಆಯ್ತಲ್ಲ ತಾಯಿ,” ಎಂದು ಭಾಯಿ ಆಗ ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡರು.

ಇಷ್ಟೆಲ್ಲ ಇದ್ದ ಭಾಯಿಗೆ ಬೆರಳೇ ಕೈ ಕೊಟ್ಟಿತ್ತು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳು ಜೋಮು ಹಿಡಿದು ಬಿಸಿ, ತಂಪು, ಚೂಪು, ನುಣುಪು ಯಾವುದೂ ತಿಳಿಯುತ್ತಿರಲಿಲ್ಲ. ಅದಕ್ಕವರು ಕೆನ್ನೆಯನ್ನು ಕೆಲಸಕ್ಕೆ ಹಚ್ಚಿದ್ದರು. ಪ್ಲಗ್ ಕಿತ್ತು, ಮೋಟಾರಿಗೋ ವೈರಿಗೋ ಬಲಗೆನ್ನೆ ತಾಗಿಸಿ, ಕಣ್ಣು ಮುಚ್ಚಿ, “ಹ್ಞೂಂ, ಇಲ್ಲಿ ಕಾಯ್ತಾ ಇದೆ” ಎನ್ನುತ್ತಿದ್ದರು. ಇದಕ್ಕೆಂದೇ ಬಲಗೆನ್ನೆಯ ಮೇಲೆ ರೂಪಾಯಿಯಗಲದ ಜಾಗದಲ್ಲಿ ಗಡ್ಡ ಬಿಡುತ್ತಿರಲಿಲ್ಲ.

ಅವರ ಮಗಳು ಊರಿನ ಆಸ್ಪತ್ರೆಯಲ್ಲಿ ನರ್ಸ್. ನಾವೆಲ್ಲ ಸಿಸ್ಟರ್ ಎನ್ನುತ್ತೇವೆ. ಅಪ್ಪ ಹೀಗೆ ಕೆನ್ನೆ ತಾಗಿಸುವುದನ್ನು ಕಂಡಾಗಲೆಲ್ಲ ಆಕೆ ರಸ್ತೆಯಿಂದಲೇ ಅವರನ್ನು ಕೂಗುತ್ತಿದ್ದಳು: “ಅಬ್ಬಾ, ಮುಖ ತೆಗೀರಿ ಅಲ್ಲಿಂದ!” ಒಂದು ದಿನ ಆಕೆ ಊಟದ ಡಬ್ಬಿ ತಂದಾಗ ಭಾಯಿ ಬೆಸುಗೆ ಹಾಕುತ್ತಾ ಕೂತಿದ್ದರು. ಮೂಗರಳಿಸಿ, “ಯಾರ ಮನೇಲಿ ಎಂತದೋ ಸೀದೋಗ್ತಾ ಇದೆ ಬೇಟಾ” ಎಂದರು. ಸೀಯುತ್ತಿದ್ದದ್ದು ಅವರದೇ ತೋರುಬೆರಳು. ಆ ಗಾಯ ಒಣಗಲು ಒಂದೂವರೆ ತಿಂಗಳು ಹಿಡಿಯಿತು. ಬೆರಳನ್ನೇ ತೆಗೆಯಬೇಕಾಗಬಹುದು ಎಂಬಲ್ಲಿಯವರೆಗೂ ಮಾತು ಹೋಗಿತ್ತು.

ಅಂಗಡಿ ಮುಚ್ಚಿ ಎಂದು ಮಗಳು ಹಟ ಹಿಡಿದಳು. ಆಗಲೇ ಆ ಒಪ್ಪಂದ ಆದದ್ದು. ಮೂರು ದಿನದಲ್ಲಿ ಸರಿಯಾಗದ ಯಂತ್ರ ಸತ್ತ ಲೆಕ್ಕ ಎಂಬುದು ಭಾಯಿಯ ಹಳೇ ನಿಯಮ. ಅಂಥ ಒಂದೇ ಒಂದು ಯಂತ್ರ ತಮ್ಮ ಮೇಜಿನಿಂದ ಹಾಗೇ ವಾಪಸು ಹೋದರೆ ಅದೇ ದಿನ ಶಟರ್ ಎಳೆಯುವುದಾಗಿ ಭಾಯಿ ಮಾತು ಕೊಟ್ಟರು. “ನೀವು ಆರಿಸಿ ತಗಳಂಗಿಲ್ಲ ಅಬ್ಬಾ, ಬಂದಿದ್ದೆಲ್ಲ ತಗೋಬೇಕು,” ಎಂದಳು ಮಗಳು. ಮರುದಿನದಿಂದ ಆಕೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುತ್ತಾ ಕೊಡುತ್ತಾ, “ನಿಮ್ಮನೇಲಿ ಸರಿಯೇ ಆಗದಂಥದ್ದು ಎಂತಾದ್ರೂ ಇದಿಯಾ?” ಎಂದು ಕೇಳತೊಡಗಿದಳು. ಜನ ಅಟ್ಟ ಹತ್ತಿದರು. ಅಜ್ಜನ ಕಾಲದ ಗ್ರಾಮಾಫೋನ್ ಬಂತು, ಸೈಕಲ್ ಸೀಟಿನ ಸ್ಪ್ರಿಂಗ್ ಹಾಕಿಸಿಕೊಂಡು ಹಾಡುತ್ತಾ ಹೋಯಿತು. ಮುಳ್ಳು ಮುರಿದ ಗೋಡೆ ಗಡಿಯಾರ, ನೀರಲ್ಲಿ ಬಿದ್ದ ಹೇರ್ ಡ್ರೈಯರ್, ಹಿಮ್ಮುಖವಾಗಿ ತಿರುಗುವ ಗ್ರೈಂಡರ್ ಎಲ್ಲ ಬಂದವು, ಎಲ್ಲ ಹೋದವು. ಮಗಳು ಸೋಲುತ್ತಲೇ ಇದ್ದಳು.

ನನಗೆ ಈ ಒಪ್ಪಂದ ಗೊತ್ತಿರಲಿಲ್ಲ. ನನ್ನ ತಲೆ ಆಗ ಬೇರೆ ಕಡೆ ಕೆಟ್ಟಿತ್ತು. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಸ್ಟುಡಿಯೋಕ್ಕೆ ಬರುವವರು ಪಾಸ್‌ಪೋರ್ಟ್ ಫೋಟೋದವರು ಮಾತ್ರ. ಫಿಲಂ ತೊಳೆಯುತ್ತಿದ್ದ ಕತ್ತಲೆ ಕೋಣೆ ಖಾಲಿ ಬಿದ್ದಿತ್ತು. ಶೃಂಗೇರಿಯಲ್ಲಿ ಒಬ್ಬರು ಕ್ರಿಪ್ಟೋ ಮೈನಿಂಗ್ ಮಷಿನ್ ಮಾರುತ್ತಾರೆಂದು ತಿಳಿದು, ಹಿಂದೆ ಮುಂದೆ ನೋಡದೆ ಕೊಂಡುಬಿಟ್ಟೆ. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳಿವೆಯಲ್ಲ, ಅಂಥ ಆರನ್ನು ಒಂದು ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಬಿಡುವಿಲ್ಲದೆ ಲೆಕ್ಕ ಮಾಡಿಸಿದರೆ, ಕಣ್ಣಿಗೆ ಕಾಣದ ನಾಣ್ಯದ ಚೂರುಪಾರು ನಮ್ಮ ಪಾಲಿಗೆ ಬರುತ್ತದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಕಂಡಕ್ಟರ್ ಬಗ್ಗಿ ನೋಡಿ, “ಎಂತ ಮಾರಾಯ್ರೆ ಇದು, ಕೋಳಿ ಗೂಡಾ? ಕೋಳಿ ಎಲ್ಲಿ?” ಎಂದು ಕೇಳಿದ. ನಾನು ಹೆಮ್ಮೆಯಿಂದ ಕಿಟಕಿ ಕಡೆ ನೋಡಿದೆ.

ಎರಡು ತಿಂಗಳು ಆ ಕತ್ತಲೆ ಕೋಣೆಯಲ್ಲಿ ಆರೂ ಕಾರ್ಡು ಚೆನ್ನಾಗಿ ತಿರುಗಿದವು. ಮಳೆ ಹಿಡಿದ ಮೇಲೆ ಸ್ಕ್ರೀನಿನಲ್ಲಿ ಐದೇ ಕಾಣತೊಡಗಿದವು. ಮೊದಲು ಎರಡನೆಯದು ಕಾಣೆ. ಆಫ್ ಮಾಡಿ ಆನ್ ಮಾಡಿದರೆ ಎರಡನೆಯದು ಹಾಜರ್, ಮೂರನೆಯದು ಕಾಣೆ. ಇನ್ನೊಮ್ಮೆ ನೋಡಿದರೆ ಒಂದನೆಯದು ಚಕ್ಕರ್. ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಎಲ್ಲರೂ ರೈಸರ್ ಕೇಬಲ್ ಎಂದರು. ಆರು ದಪ್ಪ ಕಾರ್ಡುಗಳು ಒಂದೇ ಮದರ್‌ಬೋರ್ಡಿನ ಮೇಲೆ ಒತ್ತೊತ್ತಾಗಿ ಕೂರುವುದಿಲ್ಲ. ದೂರ ಕೂತ ಪ್ರತಿ ಕಾರ್ಡನ್ನೂ ಬೋರ್ಡಿಗೆ ಸೇರಿಸುವ ಕೇಬಲ್ಲೇ ರೈಸರ್. ಆರೂ ಕೇಬಲ್ ಹೊಸದು ತರಿಸಿ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ಗೂಡನ್ನು ಹೊತ್ತು ರಸ್ತೆ ದಾಟಿದೆ.

ಸಿಸ್ಟರ್ ಅಂಗಡಿಯ ಮೆಟ್ಟಿಲ ಮೇಲೇ ಇದ್ದಳು.

“ಅಣ್ಣಾ, ಇದು ಎಂತದು?”

“ನಾಣ್ಯ ಹುಟ್ಟಿಸೋ ಮಷಿನ್ನು.”

“ಅಬ್ಬ ಇಂಥದ್ದು ನೋಡಿದಾರಾ?”

“ಕೊಪ್ಪದಲ್ಲೇ ಯಾರೂ ನೋಡಿಲ್ಲ ಸಿಸ್ಟರ್.”

“ದೇವ್ರು ನಿಮ್ಗೆ ಒಳ್ಳೇದು ಮಾಡ್ಲಿ!” ಎಂದವಳೇ ಗೂಡಿನ ಇನ್ನೊಂದು ತುದಿ ಹಿಡಿದು ತಾನೇ ಒಳಗೆ ಸಾಗಿಸಿದಳು. ಒಪ್ಪಂದದ ವಿಷಯ ಆಗ ಹೇಳಿದಳು. ಆ ಅಂಗಡಿಯಿಲ್ಲದ ಬೆಳಗನ್ನು ನಾನು ಕಂಡೇ ಇರಲಿಲ್ಲ. ಮೂರನೇ ದಿನ ಹೊತ್ತು ಮುಳುಗಿ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಗುವುದರೊಳಗೆ ಆರು ಕಾರ್ಡು ತಿರುಗದಿದ್ದರೆ ಅದಕ್ಕೆ ಬೀಗ ಹಾಕಿಸಿದವನು ನಾನೇ ಆಗುತ್ತಿದ್ದೆ.

ಭಾಯಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. “ಎಂತ ಮಾಡ್ದೆ?”

“ಏನೂ ಮಾಡ್ಲಿಲ್ಲ ಭಾಯಿ.”

ಇದು ಅಪ್ಪಟ ಸುಳ್ಳು. ನಿಜ ಏನೆಂದರೆ, ಮಳೆಗಾಲದಲ್ಲಿ ನಮ್ಮೂರಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಆ ಯಂತ್ರದಿಂದ ಬರುವ ಬಿಸಿ ಗಾಳಿಯನ್ನು ಮೊದಲು ಕಂಡುಹಿಡಿದದ್ದು ನನ್ನ ಅಮ್ಮ. ಒಂದು ಕರ್ಚೀಫಿನಿಂದ ಶುರುವಾಯಿತು. ವಾರದಲ್ಲಿ ಹಗ್ಗ ಕಟ್ಟಿ ಸೀರೆಗಳು ಬಂದವು. ಆಮೇಲೆ ಗೂಡಿನ ಮೇಲೆ ಸಂಡಿಗೆಯ ಮೊರ ಬಂತು. ತಿಂಗಳು ತುಂಬುವುದರೊಳಗೆ ಅಮ್ಮ ಅಕ್ಕಪಕ್ಕದವರಿಗೆ ಕಾರ್ಡು ಹಂಚಿಕೊಟ್ಟಿದ್ದರು. ಒಂದು, ಎರಡು ನಮ್ಮ ಮನೆಗೆ. ಮೂರು ಪಕ್ಕದ ಮನೆಯ ಬಾಣಂತಿಗೆ. ನಾಲ್ಕು ಟೀಚರಮ್ಮನಿಗೆ. “ನನ್ನ ನಾಲ್ಕನೇ ಕಾರ್ಡಿನ ಮೇಲೆ ಯಾರೋ ಪ್ಯಾಂಟ್ ಹಾಕಿದಾರೆ” ಎಂದು ಟೀಚರಮ್ಮ ಜಗಳಕ್ಕೂ ಬಂದಿದ್ದರು. ಹೊಸ ಕಾಲದ ಗಣಿಧಣಿ ಎಂದು ಬಜಾರಿನಲ್ಲಿ ಎದೆ ಉಬ್ಬಿಸಿ ಓಡಾಡುತ್ತಿದ್ದ ನಾನು ಇದನ್ನು ಹೇಗೆ ಬಾಯಿ ಬಿಡಲಿ? ಸ್ಟೂಲು ವಾಲಿತು, ನಾನು ವಾಲಲಿಲ್ಲ.

ಭಾಯಿ ಆ ಗೂಡಿಗೆ ಮೂರು ಸುತ್ತು ಬಂದು ನೋಡಿದರು. ಕೇಬಲ್ಲುಗಳಿಗೆ ‘ಹೊಕ್ಕುಳ ಬಳ್ಳಿ’ ಎಂದು ಹೆಸರಿಟ್ಟರು. ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು ಕಟ್ಟಿದರು. “ನೋಡು ಸ್ಟುಡಿಯೋ, ಒಂದ್ಸಲಕ್ಕೆ ಒಂದೇ ಬದಲು ಮಾಡ್ಬೇಕು. ಎರಡು ಮಾಡಿದ್ರೆ ಯಾರು ಕಳ್ಳ ಅಂತ ಗೊತ್ತಾಗಲ್ಲ.” ಕೆಂಪು ನೂಲಿನ ಕೇಬಲ್ಲನ್ನು ಹಸಿರಿನ ಜಾಗಕ್ಕೆ ಹಾಕಿದರು. ಆನ್ ಮಾಡಿದರು. ಆರೂ ತಿರುಗಿದವು. ನಾನು ಕುಣಿಯಲು ಹೊರಟೆ. ಅವರು ನನ್ನ ಕೈ ಹಿಡಿದು ಹೋಟೆಲಿಗೆ ಎಳೆದುಕೊಂಡು ಹೋದರು.

“ನಾವು ನೋಡ್ತಾ ಇದ್ರೆ ಅದು ಒಳ್ಳೇದಾಗೇ ಇರುತ್ತೆ. ಬಾ, ಅರ್ಧ ಟೀ.”

ಅರ್ಧ ಟೀ ಕುಡಿದು ಬರುವಷ್ಟರಲ್ಲಿ ಐದೇ ಇದ್ದವು. ಇದು ಯಂತ್ರದ ನಾಚಿಕೆಯಲ್ಲ, ಬಿಸಿಯಾದ ಮೇಲೆ ಹೊರಬೀಳುವ ದೋಷಕ್ಕೆ ಹತ್ತು ನಿಮಿಷ ಬೇಕು ಎಂಬ ವಿದ್ಯೆ ಎಂದು ನನಗೆ ಹೊಳೆದದ್ದು ಏಳನೇ ಅರ್ಧ ಟೀಯಲ್ಲಿ. ಅಷ್ಟೊತ್ತಿಗೆ ಕೇಬಲ್ ಬದಲಾಗಿತ್ತು, ಕಾರ್ಡು ಬದಲಾಗಿತ್ತು, ಬೋರ್ಡಿನ ಕಿಂಡಿ ಬದಲಾಗಿತ್ತು. ಶಾಲೆ ಮಕ್ಕಳ ರಬ್ಬರಿನಿಂದ ಕಾರ್ಡುಗಳ ಬಂಗಾರದ ಬಣ್ಣದ ಹಲ್ಲುಗಳನ್ನೆಲ್ಲ ಉಜ್ಜಿ ಫಳಫಳ ಮಾಡಿದ್ದಾಗಿತ್ತು. ದೋಷ ಮಾತ್ರ ಕೇಬಲ್ಲಿನ ಹಿಂದೆಯೂ ಹೋಗಲಿಲ್ಲ, ಕಾರ್ಡಿನ ಹಿಂದೆಯೂ ಹೋಗಲಿಲ್ಲ. ಒಂದು, ಎರಡು, ಮೂರು ಈ ಮೂರು ಜಾಗಗಳ ನಡುವೆಯೇ ಓಡಾಡುತ್ತಿತ್ತು.

ಎರಡನೇ ದಿನ ಸಂಜೆ ಭಾಯಿ ಟೀಯನ್ನು ಮುಟ್ಟದೆ ಕೂತರು.

“ಸ್ಟುಡಿಯೋ, ಅಂಗಡಿ ಮುಚ್ಚಿದ್ರೆ ಮನೇಲಿ ಕೂತು ನಾನು ಎಂತ ಮಾಡ್ಲಿ ಹೇಳು? ನಮ್ಮನೇಲಿ ಎಲ್ಲಾ ಮಷಿನ್ನೂ ಸರಿ ಇದಾವೆ ಮಾರಾಯ.”

ಅವರ ಅರ್ಧ ಟೀಯನ್ನೂ ನಾನೇ ಕುಡಿದೆ. ನಿಜ ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ಆ ಹೇಡಿತನಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಮೂರನೇ ದಿನ ನಾಲ್ಕು ಗಂಟೆಗೇ ಸಿಸ್ಟರ್ ಡ್ಯೂಟಿ ಮುಗಿಸಿ ಬಂದು ಶಟರ್ ಪಕ್ಕ ಕೂತಳು. ಚೀಲದಲ್ಲಿ ಹೊಸ ಬೀಗವನ್ನೂ ತಂದಿದ್ದಳು, ಕಂಪನಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಐದಾಯಿತು, ಆರಾಯಿತು. ಭಾಯಿ ಹದಿನಾಲ್ಕನೇ ಸಲ ಕೇಬಲ್ ಬದಲಿಸುತ್ತಿದ್ದರು. ಆಗ ರಸ್ತೆಯ ಆ ಕಡೆಯಿಂದ ಕೊಡೆ ಹಿಡಿದು, ಬಕೆಟ್ ತೂಗಿಸಿಕೊಂಡು ನನ್ನ ಅಮ್ಮ ಬಂದರು. ಬಕೆಟ್ಟಿನಲ್ಲಿ ಹಿಂಡಿದ ಬಟ್ಟೆ.

“ಭಾಯಿ, ಆ ಬಟ್ಟೆ ಒಣಗ್ಸೋ ಮಷಿನ್ ಆಯ್ತಾ? ಮೂರು ದಿನದಿಂದ ಒಂದು ಟವೆಲ್ಲೂ ಒಣಗಿಲ್ಲ. ಆಗಿಲ್ಲಾಂದ್ರೆ ಇಲ್ಲೇ ಹರವ್ತೀನಿ, ನೀವು ನಿಮ್ಮ ಕೆಲ್ಸ ಮಾಡ್ಕೊಳಿ. ಟೀಚರಮ್ಮಂದೂ ಎರಡಿದೆ.”

ಭಾಯಿ ನಿಧಾನಕ್ಕೆ ತಲೆ ಎತ್ತಿ ನನ್ನನ್ನು ನೋಡಿದರು. ನಾನಾಗಿಯೇ ಹೋಗಿ ಸ್ಟೂಲಿನ ಮೇಲೆ ಕೂತೆ. ಹಗ್ಗ, ಸೀರೆ, ಸಂಡಿಗೆ, ಬಾಣಂತಿ, ಟೀಚರಮ್ಮ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಭಾಯಿ ನಗತೊಡಗಿದರು. ನಕ್ಕು ಕೆಮ್ಮಿದರು, ಕೆಮ್ಮಿ ನಕ್ಕರು, ಕಣ್ಣೊರೆಸಿಕೊಂಡರು, ಸಂಡಿಗೆ ಎಂದು ಹೇಳಲು ಹೋಗಿ ಹೇಳಲಾಗದೆ ಮತ್ತೆ ನಕ್ಕರು. ಅಮ್ಮನಿಗೆ ಏನೂ ಅರ್ಥವಾಗದೆ, “ಸಂಡಿಗೆ ಕಳಿಸ್ತೀನಿ ಬಿಡಿ” ಎಂದರು.

ನಗು ನಿಂತದ್ದೇ ಭಾಯಿಯ ಮುಖ ಬದಲಾಯಿತು. “ಒದ್ದೆ ಸೀರೆ ಗಾಳಿಗೆ ಅಡ್ಡ ಹಾಕಿದಾರೆ. ಕಾವು ಹಿಂದೆ ನಿಂತಿದೆ. ನಾನು ಮೂರು ದಿನದಿಂದ ಮುಂದೆ ನೋಡ್ತಾ ಇದೀನಲ್ಲ ಮಾರಾಯ!” ಎಂದು ಯಂತ್ರವನ್ನು ಆರಿಸಿ, ಗೂಡನ್ನು ತಿರುಗಿಸಿದರು. ಹಿಂದೆ ಕರೆಂಟಿನ ವೈರುಗಳ ಗೋಜಲು. ಒಂದು ವೈರು ಬಂದು, ಒಂದು ಪ್ಲಗ್ಗಿನಲ್ಲಿ ಸೀಳಿ, ಮೂರು ಕವಲಾಗಿ, ಒಂದು ಎರಡು ಮೂರನೇ ರೈಸರುಗಳಿಗೆ ಹೋಗುತ್ತಿತ್ತು. ಇಂಥ ಸಣ್ಣ ಸಣ್ಣ ಪ್ಲಗ್ಗುಗಳು ಅಲ್ಲಿ ಹತ್ತಾರು. ಕನ್ನಡಕವನ್ನು ಹಣೆಗೇರಿಸಿ ಭಾಯಿ ಒಂದೊಂದರ ಮೇಲೂ ಬೆರಳಾಡಿಸುತ್ತಾ ಹೋದರು. ಆತುರದಲ್ಲಿ ಅವರಿಗೆ ಕೆನ್ನೆಯ ನೆನಪೇ ಆಗಲಿಲ್ಲ.

ನನಗೆ ಆ ಕೋನದಿಂದ ಏನೂ ಕಾಣುತ್ತಿರಲಿಲ್ಲ. ಸಿಸ್ಟರಿಗೆ ಕಾಣುತ್ತಿತ್ತು, ಇದು ಆಕೆ ಆಮೇಲೆ ಹೇಳಿದ್ದು. ಆ ಕವಲಿನ ಪ್ಲಗ್ಗು ಭಾಯಿಯ ಕಣ್ಣಿಗೆ ಬೀಳದ ಬದಿಯಲ್ಲಿ ಕರಗಿ, ಕಪ್ಪಾಗಿ, ಉಬ್ಬಿ ನಿಂತಿತ್ತು. ಭಾಯಿಯ ಬೆರಳು ಅದರ ಮೇಲೆ ಬಂತು. ಅದರ ಮೇಲೇ ಹಾದು ಮುಂದಿನದಕ್ಕೆ ಹೋಯಿತು. ಆ ಬೆರಳಿಗೆ ಏನೂ ತಿಳಿಯಲಿಲ್ಲ. ಕೊನೆಯವರೆಗೂ ಹೋಗಿ ಭಾಯಿ ಕೈ ತೆಗೆದರು. ಬಾಂಗಿಗೆ ಹತ್ತು ನಿಮಿಷವೂ ಇರಲಿಲ್ಲ.

ಸಿಸ್ಟರ್ ಬೀಗವನ್ನು ಬದಿಗಿಟ್ಟು ಎದ್ದು ಬಂದು, ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಗೋಜಲಿನ ಕಡೆ ಬಗ್ಗಿಸಿದಳು.

“ಅಬ್ಬಾ, ಕೆನ್ನೆ ಕೊಡಿ.”

ಭಾಯಿ ಕಣ್ಣು ಮುಚ್ಚಿ ಕೆನ್ನೆ ಕೊಟ್ಟರು. ಒಂದು ಪ್ಲಗ್ಗು, ಎರಡು, ಮೂರು. ನಾಲ್ಕನೆಯದಕ್ಕೆ ಅವರ ಹುಬ್ಬು ಮೇಲೇರಿತು.

“ಸಿಕ್ದ!”

ಆಮೇಲಿನ ಐದು ನಿಮಿಷವನ್ನು ಕ್ರಮವಾಗಿ ಹೇಳಲು ನನಗೆ ಬರುವುದಿಲ್ಲ. ಯಾರೋ ಕತ್ತರಿ ಎಂದರು, ಯಾರೋ ಕೊಟ್ಟರು. ಹಳೇ ಟೀವಿಯಿಂದ ದಪ್ಪ ವೈರು ಬಂತು. ಬೆಸುಗೆಯ ಕಡ್ಡಿಯನ್ನು ಭಾಯಿ ಎತ್ತಿಕೊಳ್ಳಲು ಹೋದಾಗ ಸಿಸ್ಟರ್ ಕಿತ್ತುಕೊಂಡಳು. “ನೀವು ಬಾಯಲ್ಲಿ ಹೇಳಿ, ನಾನು ಮಾಡ್ತೀನಿ.” “ಮೊದ್ಲು ವೈರು ಕಾಯಿಸು ಬೇಟಾ, ಸೀಸ ಅಲ್ಲ. ಹ್ಞಾಂ. ಇಂಜೆಕ್ಷನ್ ಕೊಟ್ಟಂಗೆ ಚುಚ್ಚಬೇಡ, ಸವರು.” ಅಮ್ಮ ಟಾರ್ಚ್ ಹಿಡಿದು ಸ್ವಲ್ಪ ಹೊತ್ತು ಬೆಸುಗೆಗೆ, ಸ್ವಲ್ಪ ಹೊತ್ತು ತಮ್ಮ ಬಕೆಟ್ಟಿಗೆ ಬೆಳಕು ಬಿಟ್ಟರು. ನಾನು ಸ್ವಿಚ್ ಒತ್ತಿದೆ. ಆರು. ಅರ್ಧ ಟೀಗೆ ಹೊತ್ತಿರಲಿಲ್ಲವಾದ್ದರಿಂದ ನಾಲ್ವರೂ ಗೋಡೆಗೆ ಮುಖ ಮಾಡಿ ನಿಂತೆವು. ಮಸೀದಿಯಲ್ಲಿ ಬಾಂಗ್ ಶುರುವಾಯಿತು, ಮುಗಿಯಿತು. ತಿರುಗಿ ನೋಡಿದೆವು. ಆರೂ ಇದ್ದವು! ನಾನು ಭಾಯಿಯನ್ನು ಎತ್ತಿಯೇಬಿಟ್ಟೆ. ಅಮ್ಮ ಅಷ್ಟರಲ್ಲಿ ಎರಡು ಟವೆಲ್ ಹರವಿಯಾಗಿತ್ತು.

ಎರಡು ತಿಂಗಳು ಕಳೆಯುವುದರೊಳಗೆ ಆ ನಾಣ್ಯವನ್ನು ನಡೆಸುವವರು ನಿಯಮವನ್ನೇ ಬದಲಿಸಿ, ಕಾರ್ಡುಗಳ ಲೆಕ್ಕಾಚಾರವೇ ಬೇಡ ಎಂದರು. ಪ್ರಪಂಚದಾದ್ಯಂತ ನನ್ನಂಥ ಗಣಿಧಣಿಗಳು ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು. ಕಾರ್ಡುಗಳನ್ನು ಗೇಮ್ ಆಡುವ ಹುಡುಗರು ಕೊಂಡುಹೋದರು. ಟೀಚರಮ್ಮ ಮಾತ್ರ ತಮ್ಮನ್ನು ಕೇಳದೆ ನಾಲ್ಕನೇ ಕಾರ್ಡು ಮಾರಿದ್ದಕ್ಕೆ ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದರು.

ಭಾಯಿಯ ಅಂಗಡಿ ಅದಾದ ಮೇಲೂ ಮೂರು ವರ್ಷಕ್ಕಿಂತ ಹೆಚ್ಚು ತೆರೆದಿತ್ತು. ಬೆಸುಗೆಯ ಕೆಲಸವೆಲ್ಲ ಡ್ಯೂಟಿ ಮುಗಿಸಿ ಬರುವ ಮಗಳದು. ತೀರಿಕೊಂಡ ದಿನ ಕೂಡ ಮಧ್ಯಾಹ್ನದವರೆಗೆ ಯಾರದೋ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದರು.

ಮಾತನಾಡಿಸಲು ಹೋದ ದಿನ, ಎಲ್ಲರೂ ನಕ್ಕು ಎದ್ದು ಹೋದ ಮೇಲೆ, ಬಾಗಿಲ ಹತ್ತಿರ ನಾನು ಸಿಸ್ಟರನ್ನು ಕೇಳಿದೆ. “ಅವತ್ತು ಹತ್ತೇ ನಿಮಿಷ ಸುಮ್ನಿದ್ದಿದ್ರೆ ಅಂಗಡಿ ಮುಚ್ತಿತ್ತಲ್ಲ. ಎಂತಕ್ಕೆ ಹೇಳಿದ್ರಿ?”

“ಸುಮ್ನಿರ್ಬೇಕು ಅಂತಲೇ ಬಂದಿದ್ದೆ ಅಣ್ಣಾ. ಬೆರಳು ಅದ್ರ ಮೇಲೆ ಹೋಗಿ ದಾಟ್ತಲ್ಲ, ಆಗ ಅಬ್ಬ ನನ್ನ ಮುಖ ನೋಡಿದ್ರು. ನಂಗೆ ಕಾಣ್ಸಿದೆ ಅಂತ ಅವ್ರಿಗೆ ಗೊತ್ತಾಯ್ತು. ಗೊತ್ತಾಗಿನೂ ಕೇಳ್ಲಿಲ್ಲ, ಮುಂದಿನ ಪ್ಲಗ್ ಹಿಡ್ಕೊಂಡ್ರು. ನಾನೇ ಗೆಲ್ಲಲಿ ಅಂತ ಬಿಟ್ರು ಅಣ್ಣಾ. ನಂಗೆ ತಡೀಲಿಕ್ಕೆ ಆಗ್ಲಿಲ್ಲ.”